ಅಜ್ಜಿ ಕಂಡ ಕೆರೆ

ನೀವು ಹೆರೆಫರ್ಡ್‌ಶೈರ್‌ಗೆ ಬಂದಿದ್ದೀರಾ? ಬಂದಿಲ್ಲದಿದ್ದರೂ ಕ್ಯಾಲೆಂಡರಿನಲ್ಲಿ ಇದರ ಫೋಟೋ ನೋಡಿರಬಹುದು. ಪೆಂಬ್ರಿಜ್, ವೆಬ್ಲಿ ಹಳ್ಳಿಗಳ ಕಪ್ಪು ತೊಲೆ, ಬಿಳಿ ಗೋಡೆಯ ಹಳೇ ಮನೆಗಳು, ಸೇಬಿನ ತೋಟ, ಬಿಳಿ ಮುಖದ ಕೆಂಪು ದನಗಳು. ವೇಲ್ಸ್ ಗಡಿಗೆ ಅಂಟಿಕೊಂಡಿರುವ ಈ ಕೌಂಟಿಯ ಲೆಮ್‌ಸ್ಟರ್ ಹತ್ತಿರ ನಮ್ಮ ಮನೆ.

ಜಿಸಿಎಸ್‌ಇ ಫೋಟೋಗ್ರಫಿಗೆ ನಾನು ಆರಿಸಿಕೊಂಡ ವಿಷಯ 'ಬದಲಾಗುತ್ತಿರುವ ನನ್ನ ಕೌಂಟಿ'. ಆಲ್ಫ್ರೆಡ್ ವಾಟ್ಕಿನ್ಸ್ ಅವರ ಚಿತ್ರಗಳನ್ನು ಮೊದಲು ನೋಡು ಅಂದರು ನಮ್ಮ ಟೀಚರ್. 1855ರಲ್ಲಿ ಹೆರೆಫರ್ಡ್‌ನಲ್ಲಿ ಹುಟ್ಟಿದ ಇವರ ಮನೆತನಕ್ಕೆ ಹಿಟ್ಟಿನ ಗಿರಣಿ ಇತ್ತು. ವ್ಯಾಪಾರಕ್ಕೆಂದು ಹಳ್ಳಿ ಹಳ್ಳಿ ಸುತ್ತುತ್ತಾ ಅಲ್ಲಿಯ ಚರ್ಚು, ಕಲ್ಲಿನ ಶಿಲುಬೆ, ಸೇತುವೆಗಳನ್ನು ಫೋಟೋ ತೆಗೆದರು. ಬೆಳಕನ್ನು ಅಳೆಯಲು ಜೇಬುಗಡಿಯಾರದಂಥ 'ಬೀ ಮೀಟರ್' ಕಂಡುಹಿಡಿದವರೂ ಇವರೇ.

ನಾನೂ ಬೇಸಿಗೆಯಲ್ಲಿ ಸೈಕಲ್ ಹತ್ತಿ ಹೊರಟೆ. ಇನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಆದರೆ ಒಂದು ನಿಜ ಹೇಳಿಬಿಡುತ್ತೇನೆ. ಇಲ್ಲಿ ಹೊಲಗಳ ತುಂಬಾ ಸ್ಟ್ರಾಬೆರಿ ಬೆಳೆಯುವ ಪಾಲಿಟನೆಲ್‌ಗಳಿವೆ, ನಮ್ಮ ದೇಶದ ಪಾಲಿಹೌಸ್ ಥರ ಉದ್ದುದ್ದ ಪ್ಲಾಸ್ಟಿಕ್ ಚಪ್ಪರಗಳು. ಹಣ್ಣು ಮಳೆಗೆ ಸಿಕ್ಕಿ ಹಾಳಾಗದು, ಬೆಳೆಯೂ ಹೆಚ್ಚು ತಿಂಗಳು ಬರುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ನಾನು ಎಲ್ಲ ಫೋಟೋದಲ್ಲೂ ಪಕ್ಕಕ್ಕೆ ಸರಿದು ಅವನ್ನು ಬಿಟ್ಟಿದ್ದೆ.

ಗುಡ್ಡದ ಮೇಲಿಂದ ತೆಗೆದ ಒಂದು ಫೋಟೋ ಮಾತ್ರ ತಪ್ಪಿ ತುಮಕೂರಿನ ಅಜ್ಜಿಯ ವಾಟ್ಸಾಪ್‌ಗೆ ಹೋಯಿತು. ಅಜ್ಜಿ ಕೂಡಲೇ ವಿಡಿಯೋ ಕಾಲ್ ಮಾಡಿದರು. "ಎಷ್ಟು ದೊಡ್ಡ ಕೆರೆ ಕಣೇ! ಕೋಡಿ ಬಿದ್ದಿರೋ ಹಂಗಿದೆ."

ನನಗೆ ನಗು ಬಂತು. "ಅಜ್ಜಿ, ಅದು ನೀರಲ್ಲ, ಪ್ಲಾಸ್ಟಿಕ್" ಅಂದೆ. ಅಜ್ಜಿ ನಗಲಿಲ್ಲ. "ಅಷ್ಟು ಹಣ್ಣು ಯಾರು ಕೀಳ್ತಾರೆ?" ಅಂದರು. ನನಗೆ ಗೊತ್ತಿರಲಿಲ್ಲ.

ಹುಡುಕಿದಾಗ ತಿಳಿಯಿತು. ವಾಟ್ಕಿನ್ಸ್ ಕಾಲದಲ್ಲಿ ಸೆಪ್ಟೆಂಬರ್ ಬಂದರೆ ಹಾಪ್ಸ್ ಕೀಳಲು ಬ್ಲ್ಯಾಕ್ ಕಂಟ್ರಿ ಮತ್ತು ದಕ್ಷಿಣ ವೇಲ್ಸ್‌ನಿಂದ ಸಂಸಾರ ಸಮೇತ ಜನ ಬರುತ್ತಿದ್ದರು. ಹಾಪ್ಸ್ ಒಣಗಿಸುತ್ತಿದ್ದ ಎಷ್ಟೋ ಗೂಡುಗಳು ಈಗ ಚಂದದ ಮನೆಗಳಾಗಿವೆ. ಮೊದಲು ಪೋಲೆಂಡ್, ಬಲ್ಗೇರಿಯಾ, ರೊಮೇನಿಯಾದಿಂದ ಬರುತ್ತಿದ್ದ ಕೆಲಸಗಾರರು ಬ್ರೆಕ್ಸಿಟ್ ನಂತರ ಕಿರ್ಗಿಸ್ತಾನ್, ಉಜ್ಬೇಕಿಸ್ತಾನದಂಥ ದೂರದ ದೇಶಗಳಿಂದ ಬರುತ್ತಾರೆ. ವೀಸಾ ಹೆಚ್ಚೆಂದರೆ ಆರು ತಿಂಗಳು.

ಒಂದು ಭಾನುವಾರ ಅಮ್ಮನ ಜೊತೆ ಅಂಗಡಿಗೆ ಹೋದಾಗ ಕಿರ್ಗಿಸ್ತಾನದ ಅಕ್ಕ ಒಬ್ಬರು ಸಿಕ್ಕಿದರು. ಮೊಬೈಲಿನ ಅನುವಾದ ಹಿಡಿದು ಮಾತಾಡಿದೆವು. ಫೋಟೋ ತೆಗೆಯಲೇ ಅಂತ ಕೇಳಿದೆ. ಮುಖ ಬೇಡ, ಕೈ ತೆಗೆದುಕೋ ಅಂದರು. ಆಮೇಲೆ ಊರಿನ ಮಗಳಿಗೆ ಕಳಿಸಿದ್ದ ಫೋಟೋಗಳನ್ನು ತೋರಿಸಿದರು. ಕಪ್ಪು ಬಿಳುಪು ಮನೆಗಳು, ಕೆಂಪು ದನ, ಸೇಬಿನ ಮರ. ಒಂದರಲ್ಲೂ ಪಾಲಿಟನೆಲ್ ಇರಲಿಲ್ಲ! ನನ್ನ ಹಾಗೆಯೇ ಅವರೂ ಪಕ್ಕಕ್ಕೆ ಸರಿದು ನಿಂತಿದ್ದರು.

ಮನೆಗೆ ಬರುವಾಗ ಕಾರಿನಲ್ಲಿ ನಾನು ಮಾತೇ ಆಡಲಿಲ್ಲ. ನಾವು ಈ ಕೌಂಟಿಗೆ ಬಂದಿದ್ದು 2017ರಲ್ಲಿ, ಅಮ್ಮನ ನರ್ಸ್ ಕೆಲಸಕ್ಕಾಗಿ. ಹೊಸದನ್ನೆಲ್ಲ ಬಿಟ್ಟು ಫೋಟೋ ತೆಗೆದರೆ ನಾವೂ ಅದರೊಳಗೆ ಇರುವುದಿಲ್ಲ ತಾನೇ?

ಹಳೆಯ ಫೋಟೋಗಳನ್ನು ನಾನು ಅಳಿಸಿಲ್ಲ, ಆ ಮನೆಗಳೂ ನಿಜವೇ. ಆದರೆ ನನ್ನ ಫೈಲಿನ ಮೊದಲ ಪುಟದಲ್ಲಿ ಈಗ ಅಜ್ಜಿಯ 'ಕೆರೆ' ಇದೆ, ಕೊನೆಯ ಪುಟದಲ್ಲಿ ಆ ಅಕ್ಕನ ಕೈಗಳಿವೆ. ನೀವಿರುವ ಊರಿನ ಫೋಟೋ ತೆಗೆಯುವಾಗ ನೀವು ಏನನ್ನು ಬಿಡುತ್ತೀರಿ ಅಂತ ಒಮ್ಮೆ ನೋಡಿಕೊಳ್ಳಿ. ನನಗೂ ಹೇಳಿ.

ಚಳಿಗಾಲ ಬಂತು. ಪ್ಲಾಸ್ಟಿಕ್ ತೆಗೆದಿದ್ದಾರೆ, ಬರೀ ಕಂಬಿಗಳು ನಿಂತಿವೆ. ಹೋದ ವಾರ ಅಜ್ಜಿಗೆ ಅದರ ಫೋಟೋ ಕಳಿಸಿ "ಕೆರೆ ಬತ್ತಿದೆ ಅಜ್ಜಿ" ಅಂದೆ.

"ಹಂಗಾದ್ರೆ ಆ ಹುಡುಗಿ ಮಗಳ ಹತ್ರ ಹೋದ್ಲಾ?" ಅಂದರು ಅಜ್ಜಿ.