ಲಕ್ಷ್ಮಿಯ ಕಾಲು ಕತ್ತರಿಸಿದ್ದು

ರಜಕ್ಕೆ ತೊರವಿಗೆ ಹೋದಾಗ, ಮನೆ ಲೆಕ್ಕ ಬರೆಯೋಕೆ ನಾನೇ ಮಾಡಿದ ಪುಟ್ಟ ತಂತ್ರಾಂಶವನ್ನು ಅಪ್ಪನಿಗೆ ತೋರಿಸಿದೆ. ಮೇಲೆ ನಮ್ಮೂರ ಲಕ್ಷ್ಮೀನರಸಿಂಹನ ಹೆಸರು. ಅಪ್ಪ ಕನ್ನಡಕ ಏರಿಸಿ, "ಯಾಕೋ ತಮ್ಮಾ, ಲಕ್ಷ್ಮೀ ಕಾಲ ಕಡದೀಯಲ್ಲ?" ಅಂದ್ರು. ನೋಡಿದ್ರೆ, 'ಕ್ಷ್ಮೀ' ಕೆಳಗಿನ ಮ ಒತ್ತು ಅರ್ಧಕ್ಕೇ ಮಾಯ!

ತಪ್ಪು ನನ್ನದೇ. ಕ್ಯೂಟಿಯಲ್ಲಿ ಲೇಬಲ್ಲಿನ ಎತ್ತರವನ್ನು 16 ಪಿಕ್ಸೆಲ್‌ಗೆ ಕಟ್ಟಿಹಾಕಿದ್ದೆ. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ನಮ್ಮ ಅಕ್ಷರ ಕೆಳಕ್ಕೂ ಬೆಳೆಯುತ್ತೆ. ಅಗಲದ್ದೂ ಅದೇ ಕಥೆ. 'ಕ್ಯಾನ್ಸಲ್' ಅಳತೆಗೆ ಹೊಲಿದ ಗುಂಡಿಯಲ್ಲಿ 'ರದ್ದುಗೊಳಿಸು' ಹಿಡಿಯೋದಿಲ್ಲ.

ರಾತ್ರಿ ಕೂತು ಆ ಅಂಕಿಗಳನ್ನೆಲ್ಲ ಅಳಿಸಿದೆ. ಫಾಂಟು, ಪಠ್ಯ ನೋಡಿಕೊಂಡು ತನಗೆಷ್ಟು ಜಾಗ ಬೇಕು ಅಂತ ಪ್ರತಿ ವಿಜೆಟ್ಟೂ ತಾನೇ ಹೇಳುತ್ತೆ, ಅದೇ ಸೈಜ್‌ಹಿಂಟ್. ಲೇಔಟ್ ಅದನ್ನು ಕೇಳಿ ಜಾಗ ಹಂಚುತ್ತೆ. ಗುಂಡಿಗಳಿಗೆ 'ಮಿನಿಮಮ್' ಪಾಲಿಸಿ ಕೊಟ್ಟೆ: ಹಿಗ್ಗಬಹುದು, ಹೇಳಿದ್ದಕ್ಕಿಂತ ಕುಗ್ಗುವಂತಿಲ್ಲ. ಬರೆಯುವ ಪೆಟ್ಟಿಗೆಗೆ 'ಎಕ್ಸ್‌ಪ್ಯಾಂಡಿಂಗ್': ಕಿಟಕಿ ಎಳೆದಾಗ ಉಳಿದ ಜಾಗ ಅದಕ್ಕೆ.

ಬೆಳಿಗ್ಗೆ ಅಪ್ಪ ನೋಡಿ, "ಈಗ ನೆಟ್ಟಗ ನಿಂತಾಳ" ಅಂದ್ರು. ನನಗೆ ನಾಚಿಕೆಯಾಯ್ತು. ಕನ್ನಡದಲ್ಲೇ ಅಕ್ಷರ ಕಲಿತವನು, ಇಂಗ್ಲಿಷಿನ ಅಳತೆಗೆ ಮನೆ ಕಟ್ಟಿ ಕನ್ನಡವನ್ನು ಅದರೊಳಗೆ ತುರುಕಿದ್ದೆನಲ್ಲ!

ನಿಮ್ಮ ತಂತ್ರಾಂಶದಲ್ಲೂ ಒಮ್ಮೆ 'ಲಕ್ಷ್ಮೀ' ಅಂತ ಬರೆದು ನೋಡಿ. ಕಾಲು ಕಾಣುತ್ತಾ?