ನಮ್ಮ ಮೊದಲ ಕಾರು ಪ್ರಯಾಣ

ನಮ್ಮೂರು ದೊಡ್ಡಗಾಜನೂರು. ಅಣ್ಣ ಹಳೆಯ ಕಾರೊಂದನ್ನು ಕೊಂಡು ತಂದಾಗ ಮನೆಮಂದಿಯೆಲ್ಲ ಕುಳಿತು ಮೊದಲ ಪ್ರಯಾಣದ ಯೋಜನೆ ಹಾಕಿದೆವು. ಬಣ್ಣಾರಿ, ಭವಾನಿಸಾಗರ, ಈರೋಡು ಎಲ್ಲವನ್ನೂ ಒಂದೇ ದಿನದಲ್ಲಿ ನೋಡಬೇಕೆಂಬುದು ನಮ್ಮ ಹಠ. ಅಪ್ಪನಿಗೋ ದಿಂಬಂ ಘಾಟಿಯ 27 ತಿರುವುಗಳದೇ ಚಿಂತೆ. “ಅವಸರ ಬೇಡ. ಏರುವ ಗಾಡಿಗೆ ದಾರಿ ಬಿಡು, ಏರುವ ಗೇರಿನಲ್ಲೇ ಇಳಿಸು” ಎಂದು ಅಣ್ಣನಿಗೆ ಹೇಳಿದರು. ಅದು ಆನೆ, ಹುಲಿಗಳ ಕಾಡು. 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ.

ಆಗ ಅಜ್ಜಿ, “ಬಸ್ಸಿನಲ್ಲಿ ಯಾವಾಗಲೂ ಹೆದರಿ ಕಣ್ಣು ಮುಚ್ಕೊಂಡೇ ಘಾಟಿ ಇಳಿದಿದ್ದೀನಿ. ಒಂದ್ಸಲ ಕಣ್ತುಂಬ ನೋಡ್ಬೇಕು ಕಣ್ರಪ್ಪ” ಎಂದರು. ನಾವು ಸುಮ್ಮನಾದೆವು. ಪಟ್ಟಿಯಲ್ಲಿ ಬಣ್ಣಾರಿಯೊಂದನ್ನೇ ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕಿದೆವು. ಬುತ್ತಿ, ನೀರು, ಅಜ್ಜಿಗೊಂದು ನಿಂಬೆಹಣ್ಣು, ಸಿದ್ಧತೆ ಇಷ್ಟೆ. ಬೆಳಿಗ್ಗೆ ಹೊರಟು ಹೊತ್ತಿರುವಾಗಲೇ ಹಿಂದಿರುಗುವೆವು. ಕಿಟಕಿಯ ಪಕ್ಕದ ಜಾಗ ಅಜ್ಜಿಯದು.