ತಲೆ ಸವೆದ ಬೋಲ್ಟು

ಮೋಟಾರು ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿದವನಿಗೆ ಎಡ ಯಾವುದು, ಬಲ ಯಾವುದು ಎಂಬ ವಿವೇಚನೆ ಉಳಿಯುವುದು ಕಷ್ಟ. ಇದು ಗಾದೆಯಲ್ಲ, ನನ್ನ ಅನುಭವ. ಅರ್ಥಶಾಸ್ತ್ರದ ಬೇಡಿಕೆಯ ರೇಖೆ ಯಾವ ಕಡೆಗೆ ಇಳಿಯುತ್ತದೆಂಬುದನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲ ನಾನು, ಒಂದು ಬೋಲ್ಟನ್ನು ಬಿಚ್ಚಲು ಹೋಗಿ ಹತ್ತು ನಿಮಿಷಗಳ ಕಾಲ ಅದನ್ನು ಬಿಗಿಮಾಡುತ್ತಲೇ ಇದ್ದೆನು. ಆ ಕಥೆಯನ್ನು ಸಹಪಾಠಿಗಳ ಮುಂದೆ ಹೇಳಿಕೊಳ್ಳುವುದರಲ್ಲಿ ಹೆಮ್ಮೆಯೇನೂ ಇಲ್ಲ. ಆದರೂ ಹೇಳದೆ ಉಳಿದರೆ ಅದೂ ಒಂದು ಸುಳ್ಳಾದೀತೆಂದು ಬರೆಯುತ್ತಿದ್ದೇನೆ.

ನಮ್ಮೂರು ಆಳಂದ ತಾಲ್ಲೂಕಿನ ಮಟಕಿ. ನಮ್ಮ ತಂದೆಯವರು ತೊಗರಿಯ ಹೊಲದ ಜೊತೆಗೆ ಒಂದು ಹಳೆಯ ಕಾರನ್ನೂ ಸಾಕಿಕೊಂಡಿದ್ದಾರೆ. ಸಾಕಿಕೊಂಡಿದ್ದಾರೆ ಎಂದೇ ಹೇಳಬೇಕು. ಎತ್ತಿಗೆ ಮೇವು ಹಾಕುವಷ್ಟೇ ಅಕ್ಕರೆಯಿಂದ ಅದರ ಎಣ್ಣೆ ನೀರು ನೋಡುತ್ತಾರೆ. ಆಳಂದದ ಕಚೇರಿಗೆ ಹೋಗುವವರು, ಅಲ್ಲಿಂದ ಮುಂದೆ ಸುಮಾರು 40 ಕಿಲೋಮೀಟರು ದೂರದ ಕಲಬುರಗಿಯ ಆಸ್ಪತ್ರೆಗೆ ಹೋಗುವವರು ಬಂದು ಕೇಳಿದರೆ ಬಾಡಿಗೆಗೆ ಹೋಗಿ ಬರುತ್ತಾರೆ. ನನ್ನ ಕಾಲೇಜಿನ ಶುಲ್ಕದಲ್ಲಿ ಆ ಕಾರಿನ ಪಾಲು ಎಷ್ಟೆಂಬುದನ್ನು ನಾನು ಎಂದೂ ಲೆಕ್ಕ ಹಾಕಿರಲಿಲ್ಲ.

ಗಣೇಶನ ಹಬ್ಬದ ರಜೆಗೆ ಊರಿಗೆ ಹೋದಾಗ ಮಳೆ ಜೋರಾಗಿತ್ತು. ತಂದೆಯವರು ಒಂದು ರಾತ್ರಿ ಹಳ್ಳ ದಾಟಿ ಬರುವಾಗ ನೀರು ಕಾರಿನ ಹೊಟ್ಟೆಗೆ ಬಡಿದಿತ್ತು. ಬೆಳಿಗ್ಗೆ ಅವರು ಗೇರ್ ಬಾಕ್ಸಿನ ಪಕ್ಕದಲ್ಲಿರುವ ತುಂಬುವ ಬಿರಡೆಯನ್ನು ತೆಗೆದು, ಕಿರುಬೆರಳು ತೂರಿಸಿ ನೋಡಿದರು. ಜೇನಿನ ಬಣ್ಣದಲ್ಲಿರಬೇಕಾದ ಎಣ್ಣೆ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿತ್ತು. ಒಳಗೆ ನೀರು ಸೇರಿತ್ತೆಂದು ಅದರ ಅರ್ಥ. ಗೇರಿನ ಎಣ್ಣೆಯು ಹಲ್ಲುಚಕ್ರಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ಉಕ್ಕಿಗೆ ಉಕ್ಕು ತಾಗದಂತೆ ಕಾಯುತ್ತದೆ. ನೀರು ಬೆರೆತರೆ ಆ ಪೊರೆ ಹರಿಯುತ್ತದೆ. ಹಲ್ಲು ಹಲ್ಲನ್ನು ತಿನ್ನುತ್ತದೆ, ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಮರುದಿನ ಬೆಳಿಗ್ಗೆಯೇ ನೆರೆಮನೆಯ ಅಜ್ಜಿಯೊಬ್ಬರನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಲಬುರಗಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ಎಣ್ಣೆ ಬದಲಾಯಿಸದೆ ಹೊರಡುವಂತಿರಲಿಲ್ಲ.

ತಂದೆಯವರು ಹೊಸ ಎಣ್ಣೆಯ ಡಬ್ಬಿಯನ್ನು ತಂದಿಟ್ಟು, “ಸಂಜೀಕ ಮಿಸ್ತ್ರಿ ಬರ್ತಾನ. ನೀ ಕೈ ಹಚ್ಚಬ್ಯಾಡ” ಎಂದು ಹೇಳಿ ಹೊಲಕ್ಕೆ ಹೋದರು. ಆ ಕಡೆಯ ಮಾತೇ ನನ್ನನ್ನು ಕೆಣಕಿತು. ಒಂದು ಬೋಲ್ಟು ಬಿಚ್ಚಿ, ಎಣ್ಣೆ ಇಳಿಸಿ, ಮತ್ತೆ ಹಾಕುವುದಕ್ಕೆ ಮಿಸ್ತ್ರಿ ಏಕೆ? ಓದಿದ ಮಗನಿಂದ ಇಷ್ಟೂ ಆಗದೆ? ತಂದೆಯವರು ಮರಳುವಷ್ಟರಲ್ಲಿ ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿರಬೇಕೆಂದು ನಿಶ್ಚಯಿಸಿದೆನು.

ಮೊದಲನೆಯ ತಪ್ಪು ದಿಕ್ಕಿನದು. ಬೋಲ್ಟಿನ ತಲೆಗೆ ಮುಖಮಾಡಿ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದರೆ ಅದು ಸಡಿಲವಾಗುತ್ತದೆ. ನಾನಾದರೋ ಕೆಳಗೆ ಮಲಗಿದ್ದವನು, ಮೇಲೆ ನಿಂತು ನೋಡಿದಂತೆ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡು, ಸರಿಯಾಗಿ ತಿರುಗಾಮುರುಗಾ ಮಾಡಿದೆನು. ಬೋಲ್ಟು ಅಲುಗದಾಗ ಇನ್ನೂ ಬಲ ಹಾಕಿದೆನು.

ಎರಡನೆಯ ತಪ್ಪು ಪಾನಾದ್ದು. ನಮ್ಮ ಮನೆಯ ಪಾನಾಗಳು ಅಜ್ಜನವರು ಜೀಪು ಓಡಿಸುತ್ತಿದ್ದ ಕಾಲದವು. ಅವುಗಳ ಮೇಲೆ ಇಂಚಿನ ಭಾಗಗಳು ಕೆತ್ತಿವೆ. ಕಾರಾದರೋ ಮಿಲಿಮೀಟರಿನದು. ಬೋಲ್ಟಿನ ತಲೆ 17 ಮಿಲಿಮೀಟರು. ನನ್ನ ಕೈಗೆ ಸಿಕ್ಕ ಪಾನಾ ಇಂಚಿನ 16ರಲ್ಲಿ 11 ಭಾಗ, ಅಂದರೆ 17.46 ಮಿಲಿಮೀಟರು. ಹೆಚ್ಚುಕಡಮೆ ಅರ್ಧ ಮಿಲಿಮೀಟರಿನ ಸಡಿಲು. ತೊಡಿಸಿದಾಗ ಸರಿಯಾಗಿಯೇ ಕೂತಂತೆ ತೋರಿತು. ಬಲ ಬಿದ್ದೊಡನೆ ಪಾನಾ ಬೋಲ್ಟಿನ ಸಮತಟ್ಟು ಮೈಯನ್ನು ಹಿಡಿಯುವ ಬದಲು ಮೂಲೆಗಳನ್ನು ಕೆರೆಯತೊಡಗಿತು.

ನಮ್ಮ ಭಾಗದವರಿಗೆ ಎರಡು ಅಳತೆಗಳ ನಡುವೆ ಬದುಕುವುದು ಹೊಸತೇನೂ ಅಲ್ಲ. 1948ಕ್ಕೆ ಮುಂಚೆ, ನಿಜಾಮರ ಆಳ್ವಿಕೆಯಲ್ಲಿ, ಹಿರಿಯರು ಹಾಲಿ ರೂಪಾಯಿ ಬೇರೆ, ಕಲದಾರ ರೂಪಾಯಿ ಬೇರೆ ಎಂದು ಎಣಿಸಬೇಕಾಗಿತ್ತು. 1957ರ ಏಪ್ರಿಲ್ 1ರಂದು ಆಣೆಗಳು ಹೋಗಿ ನಯೇಪೈಸೆ ಬಂದಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಅಳತೆಗಳು ಹಂತಹಂತವಾಗಿ ಜಾರಿಗೆ ಬಂದವು. ಸರಕಾರದ ಕಾಯಿದೆ ಬಂದ ಮಾತ್ರಕ್ಕೆ ಮನೆಯ ಪೆಟ್ಟಿಗೆಯೊಳಗಿನ ಪಾನಾ ಬದಲಾಗುವುದಿಲ್ಲ. ಆದರೆ ಪೆಟ್ಟಿಗೆಯನ್ನು ದೂರಿ ಪ್ರಯೋಜನವೇನು? ಅಂಕಿ ಪಾನಾದ ಮೇಲೆಯೇ ಇತ್ತು. ಓದು ಬಲ್ಲವನಾದ ನಾನು ಅದನ್ನು ಓದಿರಲಿಲ್ಲ, ಅಷ್ಟೆ.

ಕಡೆಗೆ ದಿಕ್ಕಿನ ತಪ್ಪು ಹೊಳೆಯಿತು. ಪಾನಾವನ್ನು ಎದುರು ದಿಕ್ಕಿಗೆ ಎಳೆದೆನು. ಅದು ಒಮ್ಮೆಲೆ ಜಾರಿ ನನ್ನ ಬೆರಳ ಗೆಣ್ಣು ಕಬ್ಬಿಣಕ್ಕೆ ಬಡಿಯಿತು. ಆರು ಮೂಲೆಗಳಿದ್ದ ತಲೆ ಅಷ್ಟರಲ್ಲಿ ಗೋಲಿಯಂತೆ ದುಂಡಗಾಗಿತ್ತು.

ಹೊಲದಿಂದ ಬಂದ ತಂದೆಯವರು ಬಗ್ಗಿ ನೋಡಿ, “ಇದೇನೋ ಇದು?” ಎಂದರು. ಆಗ ನನ್ನ ಬಾಯಿಂದ ಬಂದ ಮಾತನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. “ಮೊದಲೇ ಸವೆದಿತ್ತಪ್ಪಾ. ಹಿಂದ ಯಾರೋ ಕೆಡಿಸ್ಯಾರ” ಎಂದುಬಿಟ್ಟೆನು. ಹಿಂದಿನ ಸಲ ಅದನ್ನು ಹಾಕಿದ್ದವನು ಮಿಸ್ತ್ರಿಯೇ ಎಂಬುದು ಆಡಿದ ಮೇಲೆ ನೆನಪಾಯಿತು. ಆಡಿದ ಮಾತು ಒಡೆದ ಮುತ್ತು; ಹಿಂದಕ್ಕೆ ಬರಲಿಲ್ಲ.

ಸಂಜೆ ಮಿಸ್ತ್ರಿ ಬಂದನು. ಐವತ್ತು ದಾಟಿದ ಮನುಷ್ಯ, ಮಾತು ಕಡಮೆ. ತಂದೆಯವರು ಅರ್ಧ ನಗುತ್ತ, ಅರ್ಧ ನೊಂದು, “ಹ್ಯಾಂಗ ಹಾಕಿದ್ದೆಪ್ಪಾ ಹಿಂದಿನ ಸಲ? ತಲಿನೇ ಉಳಿದಿಲ್ಲ” ಎಂದರು. ಅವನು ಉತ್ತರ ಕೊಡದೆ ಬ್ಯಾಟರಿ ಹಿಡಿದು ಕೆಳಗೆ ಸರಿದನು. ನನ್ನನ್ನೂ ಕರೆದನು. ಇಬ್ಬರೂ ಪಕ್ಕಪಕ್ಕದಲ್ಲಿ ಮಲಗಿದೆವು. ಬೋಲ್ಟನ್ನು ಅರಿವೆಯಿಂದ ಒರೆಸಿ, ಬೆಳಕು ಬಿಟ್ಟು, ನನಗೊಬ್ಬನಿಗೇ ಕೇಳಿಸುವಂತೆ, “ಹಳೇ ಗಾಯಕ್ಕ ಮಣ್ಣು ಕೂತಿರ್ತದ, ಕರ್ರಗಿರ್ತದ. ಇದು ಬೆಳ್ಳಗ ಹೊಳಿತದ ನೋಡು” ಎಂದನು. ಅಷ್ಟೇ ಹೇಳಿದನು. ಹೊರಗೆ ನಿಂತಿದ್ದ ತಂದೆಯವರಿಗೆ ಒಂದು ಮಾತನ್ನೂ ಹೇಳಲಿಲ್ಲ.

ಮುಂದೆ ಅವನು ಮಾಡಿದ ಕೆಲಸದಲ್ಲಿ ಬಲಪ್ರದರ್ಶನವೇ ಇರಲಿಲ್ಲ. ಮೊದಲು ಕಾರನ್ನು ಊರ ಅಗಸಿಯವರೆಗೆ ಒಂದೆರಡು ಸಲ ನಿಧಾನವಾಗಿ ಓಡಿಸಿ ತರಿಸಿದನು. ಗೇರ್ ಬಾಕ್ಸಿನ ಹೊರಮೈ ಅಲ್ಯೂಮಿನಿಯಮ್ಮಿನದು, ಬೋಲ್ಟು ಉಕ್ಕಿನದು. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಮೆ ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸ್ವಲ್ಪ ಸಡಿಲುತ್ತದೆ. ಬಳಿಕ ತುಂಬುವ ಬಿರಡೆ ಸಲೀಸಾಗಿ ಬರುತ್ತದೆಯೆಂಬುದನ್ನು ಮತ್ತೊಮ್ಮೆ ಪರೀಕ್ಷಿಸಿದನು. ತುಂಬುವ ದಾರಿ ತೆರೆಯುತ್ತದೆಂದು ಖಾತ್ರಿಯಾಗದೆ ಇಳಿಸುವ ದಾರಿಯನ್ನು ತೆರೆಯಬಾರದು. ಇಲ್ಲವಾದರೆ ಗಾಡಿ ಬರಿಹೊಟ್ಟೆಯಲ್ಲಿ ಕೂತೀತು. ಆಮೇಲೆ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಮೆಲ್ಲಮೆಲ್ಲಗೆ ನಾಲ್ಕು ಏಟು ಕೊಟ್ಟನು. ತಿರುಪಿನೊಳಗೆ ಕಚ್ಚಿದ್ದು ಅದುರಿ ಬಿಡಲೆಂದು ಅದು. ಕಡೆಗೆ ಒಂದು ಅರವನ್ನು ನನ್ನ ಕೈಗೆ ಕೊಟ್ಟನು.

“ಎದುರುಬದುರು ಎರಡು ಮಗ್ಗಲ ತಿಕ್ಕು. 16ರ ಪಾನಾ ಕೂಡೋ ಹಂಗ. ಅವಸರ ಮಾಡಬ್ಯಾಡ.”

17ರಿಂದ 16ಕ್ಕೆ ಇಳಿಯಬೇಕಾದರೆ ಒಂದೊಂದು ಮಗ್ಗುಲಿಗೆ ಅರ್ಧ ಮಿಲಿಮೀಟರು. ಯಾವ ಅರ್ಧ ಮಿಲಿಮೀಟರಿನಿಂದ ಕೆಟ್ಟಿತ್ತೋ ಅಷ್ಟನ್ನೇ ನಾನು ಈಗ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ತೇಯಬೇಕಾಗಿತ್ತು. ಕಬ್ಬಿಣದ ಪುಡಿ ಕಣ್ಣಿಗೆ ಬೀಳದಂತೆ ಮುಖ ಓರೆಮಾಡಿಕೊಂಡು, ತಲೆಯ ಮೇಲೆ ಕೈ ಎತ್ತಿ, ಒಂದು ಗಂಟೆಗೂ ಮೀರಿ ತೇದೆನು. ಭುಜ ನೊಂದಿತು. ಮಿಸ್ತ್ರಿ ಮಧ್ಯೆಮಧ್ಯೆ ಪಾನಾ ತೊಡಿಸಿ ನೋಡಿ, ತಲೆಯಾಡಿಸಿ, ಮತ್ತೆ ಅರವನ್ನು ನನಗೇ ಕೊಡುತ್ತಿದ್ದನು.

ಕೊನೆಗೊಮ್ಮೆ ಪಾನಾ ಬೋಲ್ಟನ್ನು ಕಚ್ಚಿ ಕೂತಿತು. ಅವನು ಅದರ ತುದಿಗೆ ಅಂಗೈಯಿಂದ ಒಂದೇ ಪೆಟ್ಟು ಕೊಟ್ಟನು. ‘ಟಕ್’ ಎಂದಿತು. ಮೊದಲು ತಳದಲ್ಲಿ ನಿಂತಿದ್ದ ನೀರು ತೊಟ್ಟಿಕ್ಕಿತು. ಹಿಂದಿನಿಂದ ಚಹದ ಬಣ್ಣದ ಎಣ್ಣೆ ಧಾರೆಯಾಗಿ ಇಳಿಯಿತು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರು ಮಾತ್ರ ಅಂಟಿತ್ತು, ಉಕ್ಕಿನ ಚೂರುಗಳಿರಲಿಲ್ಲ. “ಹಲ್ಲು ಉಳಿದಾವ” ಎಂದನು. ಸ್ವಲ್ಪ ಹೊಸ ಎಣ್ಣೆಯಿಂದ ಒಳಗನ್ನು ತೊಳೆದು ಇಳಿಸಿ, ಹೊಸ ತಾಮ್ರದ ವಾಷರು ಕೊಟ್ಟು ಅದೇ ಬೋಲ್ಟನ್ನು ಹದವಾಗಿ ಬಿಗಿದು, ಎಣ್ಣೆ ತುಂಬಿಸಿದನು.

ತಂದೆಯವರು ಹಣ ತೆಗೆಯುತ್ತ, “ನೀ ಕೆಡಿಸಿದ್ದಕ್ಕ ನಾನೇ ರೊಕ್ಕಾ ಕೊಡಬೇಕೇನೋ?” ಎಂದರು. ಹಾಸ್ಯಕ್ಕೆ ಆಡಿದ ಮಾತೇ ಆದರೂ ನೋಟುಗಳನ್ನು ಎಣಿಸುತ್ತಿದ್ದ ಕೈ ತಡೆದಿತ್ತು. ಮಿಸ್ತ್ರಿ ನೆಲ ನೋಡುತ್ತ ಅರ ಒರೆಸುತ್ತಿದ್ದನು. ಅವನು ಬಾಯಿ ಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಬಿಡಲಿಲ್ಲ.

“ಕೆಡಿಸಿದವ ನಾನಪ್ಪಾ. ಮಧ್ಯಾಹ್ನ” ಎಂದೆನು.

ತಂದೆಯವರು ನನ್ನ ಗೆಣ್ಣಿನ ಗಾಯವನ್ನು ನೋಡಿದರು. ಅವರಿಗೆ ಮೊದಲೇ ತಿಳಿದಿತ್ತೋ ಏನೋ. ಬೈಯಲಿಲ್ಲ. ಪೂರ್ತಿ ಹಣವನ್ನು ಮಿಸ್ತ್ರಿಯ ಕೈಯಲ್ಲಿಟ್ಟು, “ತಪ್ಪು ತಿಳೀಬ್ಯಾಡಪ್ಪಾ” ಎಂದರು. ಮಗನ ಪರವಾಗಿ ತಂದೆ ಕ್ಷಮೆ ಕೇಳುವುದನ್ನು ನಿಂತು ನೋಡುವುದಕ್ಕಿಂತ ಬೈಗುಳವೇ ಹಿತವಾಗಿರುತ್ತಿತ್ತು.

ಮರುದಿನ ಅಜ್ಜಿ ಕಲಬುರಗಿಗೆ ಹೋಗಿ ಬಂದರು, ಕಣ್ಣು ಚೆನ್ನಾಗಿದೆ. ಅದೇ ಪ್ರಯಾಣದಲ್ಲಿ ತಂದೆಯವರು ಒಂದು ಹೊಸ ಬೋಲ್ಟನ್ನೂ ಮಿಲಿಮೀಟರಿನ ಪಾನಾಗಳ ಒಂದು ಸೆಟ್ಟನ್ನೂ ತಂದರು. ಮುಂದಿನ ಸಲ ಊರಿಗೆ ಹೋದಾಗ ಆ ಎರಡನ್ನೂ ನನ್ನ ಮುಂದಿಟ್ಟು, ಹಳೆಯ ಬೋಲ್ಟನ್ನು ಬದಲಿಸಲು ಹೇಳಿ, ಪಕ್ಕದಲ್ಲಿ ಕೂತರು. ನಾನು ಕೆಳಗೆ ಮಲಗಿ, ಪಾನಾದ ಮೇಲಿನ ಅಂಕಿಯನ್ನು ಓದಿ, ಬೋಲ್ಟಿಗೆ ತೊಡಿಸಿ, ಯಾವ ಕಡೆಗೆ ತಿರುಗಿಸಬೇಕೆಂದು ಅವರನ್ನು ಕೇಳಿದೆನು.

ಗೊತ್ತಿದ್ದರೂ ಕೇಳಿದೆನು.